ಕಣ್ತಪ್ಪಿನಿಂದ ನೋಡಿದ ಆರುನೂರ ಹದಿನಾಲ್ಕು ಬಾಯಿ

ನಮ್ಮೂರಿನಲ್ಲಿ ದೊಡ್ಡವರ ಬಾಯಿ ಒಟ್ಟು ಆರುನೂರ ಇಪ್ಪತ್ತು. ಅದರಲ್ಲಿ ಆರುನೂರ ಹದಿನಾಲ್ಕನ್ನು ನಾನೊಬ್ಬನೇ, ಒಂದೇ ಟಾರ್ಚು ಹಿಡಿದು, ಹನ್ನೊಂದೇ ದಿನದಲ್ಲಿ ನೋಡಿ ಮುಗಿಸಿದ್ದೇನೆ. ನಂಬದವರು ಬಾಯಿ ತೆರೆದು ‘ಸುಳ್ಳು’ ಎನ್ನಿ. ತೆರೆದಿದ್ದೇ ತಡ, ನಿಮ್ಮದನ್ನೂ ನೋಡಿ ಆರುನೂರ ಹದಿನೈದು ಎಂದು ಬರೆದುಕೊಳ್ಳುತ್ತೇನೆ. ಉಳಿದ ಆರು ಯಾಕೆ ಬಿಟ್ಟೆ ಎಂದು ಕೇಳುವವರು ಇದ್ದೇ ಇರುತ್ತಾರೆ. ನಾಲ್ವರು ಊರಿನಲ್ಲಿರಲಿಲ್ಲ. ಒಬ್ಬಾಕೆ ಸೊಸೆಯ ಮೇಲಿನ ಸಿಟ್ಟಿಗೆ ಮಾತು ಬಿಟ್ಟಿದ್ದರಿಂದ ಬಾಯಿಯನ್ನೂ ಬಿಡಲಿಲ್ಲ. ಆರನೆಯದು ನನ್ನದು. ಅದನ್ನು ನೋಡುವ ಯೋಗ್ಯತೆ ಇದ್ದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಆರೋಗ್ಯ ಕಾರ್ಯಕರ್ತ. ಬಾಯಿ ಕ್ಯಾನ್ಸರನ್ನು ಅದು ಬಲಿಯುವ ಮೊದಲೇ ಪತ್ತೆ ಹಚ್ಚುವುದು ನನ್ನ ಕೆಲಸ. ಪರೀಕ್ಷೆ ಸುಲಭ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಬೇಕು. ತೂರಿದರೆ ಸರಿ. ತೂರದಿದ್ದರೆ ಅನುಮಾನ. ಎರಡರಲ್ಲೂ ಟಾರ್ಚು ಬಿಟ್ಟು ಕೆನ್ನೆಯ ಒಳಗೆ ಬಿಳಿಯದೋ ಕೆಂಪನೆಯದೋ ಮಚ್ಚೆ ಇದೆಯಾ ಎಂದು ನೋಡಬೇಕು. ಇದ್ದರೆ ಹಳದಿ ಚೀಟಿ ಬರೆಯಬೇಕು. ಆ ಚೀಟಿಗೆ ಮೇಲಿನ ಕಚೇರಿಯ ಮೊಹರು ಬಿದ್ದರೆ ದೊಡ್ಡಾಸ್ಪತ್ರೆಯ ಬಾಗಿಲು ತೆರೆಯುತ್ತದೆ. ಬೀಳದಿದ್ದರೆ ತೆರೆಯುವುದಿಲ್ಲ.

ನನಗಿಂತ ಮೊದಲು ಈ ಕೆಲಸದಲ್ಲಿ ಒಬ್ಬ ಅಕ್ಕ ಇದ್ದರು. ಪಾಪ, ಒಳ್ಳೆಯವರು. ಈಗ ಬೇರೆ ಊರಿಗೆ ವರ್ಗವಾಗಿದ್ದಾರೆ. ಮನೆಮನೆಗೆ ಹೋಗಿ ‘ಕ್ಯಾನ್ಸರ್ ಬರುತ್ತೆ, ಬನ್ನಿ’ ಎಂದು ಕರೆಯುತ್ತಿದ್ದರು. ಯಾರನ್ನಾದರೂ ಹಾಗೆ ಕರೆಯುತ್ತಾರೆಯೇ? ವರ್ಷಕ್ಕೆ ಒಂಬತ್ತು ಜನ ಬರುತ್ತಿದ್ದರು, ಅದರಲ್ಲಿ ಏಳು ಜನ ಅವರ ಸಂಬಂಧಿಕರೇ. ಅವರು ಹಂಚಿದ ಕ್ಯಾನ್ಸರ್ ಪೋಸ್ಟರುಗಳು ಊರಿನ ಎಲ್ಲ ಅಡುಗೆಮನೆಗಳ ಡಬ್ಬಿಗಳ ಕೆಳಗೆ ನೀಟಾಗಿ ಹಾಸಿದ್ದವು.

ನಾನು ಪೋಸ್ಟರು ಮುಟ್ಟಲಿಲ್ಲ. ಸೀದಾ ಕ್ಷೌರದಂಗಡಿಗೆ ಹೋದೆ. ಅಲ್ಲಿ ಎಂಟು ಜನ ಕೂತಿದ್ದರು, ಕ್ಷೌರಕ್ಕೆ ಕೂತವನು ಒಬ್ಬನೇ.

“ಪಕ್ಕದೂರಿನ ಗಂಡಸರಿಗೆ ಮೂರು ಬೆರಳು ಹಿಡಿಸುತ್ತಂತೆ. ನಮ್ಮೂರಿನವರಿಗೆ ಎರಡೇ ಅಂತ ಮಾತಾಡ್ಕೋತಿದಾರೆ” ಎಂದೆ.

“ಯಾವನೋ ಅಂದೋನು?” ಎಂದ ಕ್ಷೌರಿಕ. ಅಂದವನು ನಾನೇ. ಆದರೆ ಉತ್ತರಕ್ಕೆ ಯಾರೂ ಕಾಯಲಿಲ್ಲ. ಅಷ್ಟರಲ್ಲಿ ಎಂಟೂ ಜನ ಕೈ ತೊಳೆದುಕೊಂಡು ಬಾಯಿಗೆ ಬೆರಳಿಟ್ಟಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ದರ್ಜಿ ನಾಲ್ಕು ಬೆರಳು ತೂರಿಸಿದನೆಂದು ಸುದ್ದಿಯಾಯಿತು. ಸಂಜೆ ಕುಸ್ತಿ ಕಲಿಸುವವನು ಬಂದು, ತನ್ನ ಬೆರಳು ಬಾಳೆಕಾಯಿಯಷ್ಟಿದೆ, ದರ್ಜಿಯದು ಸೂಜಿ, ಇದು ನ್ಯಾಯವಲ್ಲ ಎಂದು ಜಗಳ ತೆಗೆದ. ‘ಅವರವರ ಬಾಯಿಗೆ ಅವರವರ ಬೆರಳು’ ಎಂದು ನಾನು ತೀರ್ಪು ಕೊಟ್ಟೆ. ಮೂರನೆಯ ದಿನ ಹೆಂಗಸರು ಬಂದರು. ಗಂಡನ ಬಾಯಿಗಿಂತ ತಮ್ಮದು ದೊಡ್ಡದೆಂದು ನಲವತ್ತೊಂದು ಮನೆಗಳಲ್ಲಿ ಸಾಬೀತಾಯಿತು. ಗಂಡಂದಿರು ಯಾರೂ ಆಶ್ಚರ್ಯಪಡಲಿಲ್ಲ.

ನಾಲ್ಕನೆಯ ದಿನ, ನೂರಾ ನಾಲ್ಕನೆಯವನಾಗಿ, ನನ್ನ ಸೋದರಮಾವ ಬಂದ. ಸೈಕಲ್ ರಿಪೇರಿ ಮಾಡುವವನು. ಅವನು ಅಂಗಡಿಯಲ್ಲಿ ಕೂತು ಪಂಪು ಹೊಡೆಯುತ್ತ ಮಾತಾಡಿದರೆ ಪೇಟೆಯ ಆ ತುದಿಗೆ ಕೇಳುತ್ತದೆ. ಬಡಾಯಿ ನನಗೆ ಬಂದದ್ದೇ ಅವನಿಂದ. ಇಪ್ಪತ್ತು ವರ್ಷದಿಂದ ಎಡಗೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಮಾತಾಡಿದವನು.

“ದರ್ಜಿಗೆ ನಾಲ್ಕಾ? ಸರಿಯಪ್ಪಾ ಸರಿ. ನಾನು ಕೈನೇ ಇಡ್ತೀನಿ, ಮೊಣಕೈ ತನಕ” ಎಂದ.

ಎರಡು ಬೆರಳಿಗೇ ನಿಂತಿತು.

ಜನ ನಕ್ಕರು. ಮಾವನೂ ನಕ್ಕ. “ಗ್ರೀಸು ಕಣ್ರೋ, ಗ್ರೀಸು. ಬೆರಳು ದಪ್ಪ ಆಗಿದೆ” ಎಂದ. ನಾನು ಟಾರ್ಚು ಬಿಟ್ಟೆ. ಎಡಗೆನ್ನೆಯ ಒಳಗೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಇತ್ತು. ಅದರ ನಡುವೆ ಒಂದು ಕೆಂಪು. ನಾನು ನಗಲಿಲ್ಲ. ಹಿಂದೆ ನಿಂತಿದ್ದ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳೂ ನಗಲಿಲ್ಲ.

ಆವತ್ತೇ ಹಳದಿ ಚೀಟಿ ಬರೆದೆ. ಉಳಿದ ಏಳು ದಿನದ ಕೆಲಸ ಮುಗಿಸಿ, ಆರುನೂರ ಹದಿನಾಲ್ಕು ಹೆಸರಿನ ಪಟ್ಟಿಯನ್ನೂ ಮಾವನದೂ ಸೇರಿದ ಹಳದಿ ಚೀಟಿಗಳನ್ನೂ ಕಂಕುಳಲ್ಲಿಟ್ಟುಕೊಂಡು ಮೇಲಿನ ಕಚೇರಿಗೆ ಹೋದೆ. ಹಾರ ಹಾಕಿದರೆ ಬೇಡ ಅನ್ನಬಾರದು ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ.

ತಪಾಸಣಾ ಪ್ರೋತ್ಸಾಹ ಕಚೇರಿ ಎಂದರೆ ಮಹಡಿಯ ಮೇಲಿನ ಮೂರು ಕೋಣೆ. ಮೊದಲನೆಯದರಲ್ಲಿ ಗುಮಾಸ್ತೆ ಮೇಡಂ ಮತ್ತು ಒಂದು ಹಸಿರು ಬೀರು. ಎರಡನೆಯದರಲ್ಲಿ ಸಾಹೇಬರು. ಮೂರನೆಯದಕ್ಕೆ ಬೀಗ. ಸಾಹೇಬರ ಹಿಂದಿನ ಗೋಡೆಯಲ್ಲಿ ಎಲ್ಲ ಊರುಗಳ ಸಾಧನೆಯನ್ನು ಬಣ್ಣದ ಕಂಬಗಳಲ್ಲಿ ಬರೆದ ನಕ್ಷೆ ಇತ್ತು. ವರ್ಷದ ಗುರಿ ಶೇಕಡಾ ಮೂವತ್ತೊಂದು. ಯಾವ ಊರೂ ಅದನ್ನು ಮುಟ್ಟಿದ್ದಿಲ್ಲವಾದ್ದರಿಂದ ಕಾಗದವನ್ನು ನಲವತ್ತಕ್ಕೇ ಕತ್ತರಿಸಿದ್ದರು. ನಮ್ಮೂರಿನ ತೊಂಬತ್ತೊಂಬತ್ತು ಅದರಲ್ಲಿ ಹಿಡಿಸಲಿಲ್ಲ. ಮೇಡಂ ಎಳೆದ ಕಂಬ ಕಾಗದ ಬಿಟ್ಟು ಗೋಡೆಗೆ ಹತ್ತಿ, ಗಡಿಯಾರ ದಾಟಿ, ಗವಾಕ್ಷಿಯ ಹತ್ತಿರ ನಿಂತಿತು.

ಸಾಹೇಬರು ಕತ್ತೆತ್ತಿ ಅದನ್ನು ನೋಡಿದರು. ಕತ್ತಿಳಿಸಿ ನನ್ನನ್ನು ನೋಡಿದರು.

“ಇದು ನೀನಾ ಮಾಡಿದ್ದು?”

“ನಾನೇ ಸಾರ್, ಒಬ್ಬನೇ.”

“ಯಾಕೆ ಮಾಡಿದೆ?”

“ಏನನ್ನ ಸಾರ್?”

“ಕೆಲಸಾನ.”

ಜೀವಮಾನದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸಾಹೇಬರು ಡ್ರಾಯರಿನಿಂದ ಒಂದು ಸುತ್ತೋಲೆ ತೆಗೆದು, ಎದ್ದು ನಿಂತು, ಓದಿದರು:

“ನಿಗದಿತ ಗುರಿಯನ್ನು ಮೀರಿ ಕೆಲಸ ಮಾಡಿರುವುದು ಕಂಡುಬಂದಲ್ಲಿ, ಸದರಿ ಕಾರ್ಯಕರ್ತರು ಅಂತಹ ಕೃತ್ಯಕ್ಕೆ ತಮ್ಮನ್ನು ಪ್ರೇರೇಪಿಸಿದ ಪ್ರೇರಣೆಯನ್ನು ಸೂಕ್ತ ದಾಖಲೆಗಳೊಂದಿಗೆ ಖುದ್ದಾಗಿ ಹಾಜರುಪಡಿಸತಕ್ಕದ್ದು. ಪ್ರೇರಣೆಯು ಸ್ಥಿರಪಡುವವರೆಗೆ ಸದರಿ ಕೆಲಸವು ನಡೆದೇ ಇಲ್ಲವೆಂದು ಭಾವಿಸತಕ್ಕದ್ದು.”

ಹೀಗೆ ನಾನು ತೆರೆಸಿದ ಆರುನೂರ ಹದಿನಾಲ್ಕು ಬಾಯಿಗಳು ಒಂದೇ ಏಟಿಗೆ ಮುಚ್ಚಿಕೊಂಡವು. ಹಳದಿ ಚೀಟಿಗಳೆಲ್ಲ ಹಸಿರು ಬೀರುವಿಗೆ ಹೋದವು. ಮಾವನದೂ ಹೋಯಿತು.

“ಸಾರ್, ಗುರಿ ಮೂವತ್ತೊಂದು ಅಂದ್ರೆ ನೂರ ತೊಂಬತ್ತೆರಡು ಬಾಯಿ. ಅಷ್ಟನ್ನಾದ್ರೂ ಬಿಡಿ. ನಮ್ಮ ಮಾವಂದು ನೂರಾ ನಾಲ್ಕನೇದು.”

“ಅದು ಹೇಗಾಗುತ್ತಪ್ಪಾ? ಪ್ರೇರಣೆ ಎಲ್ಲಾ ಬಾಯಲ್ಲೂ ಕಲೆತುಹೋಗಿದೆ. ಹಾಲಿಗೆ ಬೆರೆಸಿದ ನೀರನ್ನ ಬೇರೆ ಮಾಡೋಕಾಗುತ್ತಾ? ಸುಮ್ನೆ ನಿಜ ಹೇಳಿಬಿಡು. ಯಾಕೆ ಮಾಡಿದೆ?”

ನಿಜ ಹೇಳಿದೆ. “ಜಂಭಕ್ಕೆ ಸಾರ್. ಆ ಅಕ್ಕ ಒಂಬತ್ತು ಮಾಡಿದ್ರು, ನಾನು ಎಲ್ಲಾರನ್ನೂ ಮಾಡಿ ತೋರಿಸ್ತೀನಿ ಅಂತ ಹೊರಟೆ.”

ಸಾಹೇಬರು ಮರುಕದಿಂದ ತಲೆಯಾಡಿಸಿದರು. “ಜಂಭ ಪ್ರೇರಣೆ ಅಲ್ಲ, ದುರ್ಗುಣ. ದುರ್ಗುಣಗಳನ್ನ ನೋಡೋ ಇಲಾಖೆ ಬೇರೆ ಕಟ್ಟಡದಲ್ಲಿದೆ. ಮೇಡಂ ಹತ್ತಿರ ನಮೂನೆ ಇದೆ, ಅದರಲ್ಲಿ ಇರೋದನ್ನ ಆರಿಸ್ಕೋ.”

ನಮೂನೆಯಲ್ಲಿ ಇದ್ದದ್ದು ನಾಲ್ಕು ಪ್ರೇರಣೆ. ನಾನು ಮೊದಲನೆಯದಕ್ಕೇ, ಅಂದರೆ ಸೇವಾಮನೋಭಾವಕ್ಕೇ, ಗುರುತು ಹಾಕಿದೆ. ನನ್ನಂಥವನಿಗೆ ಒಪ್ಪುವುದೂ ಅದೇ. ಆದರೆ ಸೇವಾಮನೋಭಾವ ಒಂದೇ ತಲೆಮಾರಿನಲ್ಲಿ ಹುಟ್ಟುವಂಥದ್ದಲ್ಲವಂತೆ. ತಂದೆ ಮತ್ತು ತಾತನಿಗೂ ಅದು ಇತ್ತೆಂದು ಇಬ್ಬರು ನೆರೆಯವರು ಬರೆದುಕೊಡಬೇಕಿತ್ತು. ನಮ್ಮ ತಾತ ಎಡಮನೆಯವರ ಏಣಿಯನ್ನೂ ಬಲಮನೆಯವರ ಗರಗಸವನ್ನೂ ಎರವಲು ತಂದು, ಎರಡನ್ನೂ ವಾಪಸು ಕೊಡದೆ ತೀರಿಕೊಂಡವರು. ನೆರೆಯವರು ಬರೆದುಕೊಟ್ಟರು. ಬರೆದದ್ದು ಬೇರೆ.

ಎರಡನೆಯದು ಕರುಣೆ. ಅದಕ್ಕೆ ಪರೀಕ್ಷೆ. ಗುರುವಾರ ಹನ್ನೊಂದಕ್ಕೆ ಮೂರನೆಯ ಕೋಣೆಯ ಬೀಗ ತೆಗೆದರು. ರೋಗಿಯ ಚಿತ್ರ ತೋರಿಸುತ್ತಾರೆ, ಒಂದು ನಿಮಿಷದೊಳಗೆ ಅಭ್ಯರ್ಥಿಯ ಕಣ್ಣು ಒದ್ದೆಯಾಗಬೇಕು. ಒದ್ದೆಯನ್ನು ಒತ್ತಿ ತೆಗೆಯಲು ಮೇಡಂ ಕೈಯಲ್ಲಿ ಶಾಯಿ ಹೀರುವ ಕಾಗದ ಇತ್ತು. ನಾನು ಚಿತ್ರವನ್ನು ನೋಡಿದೆ. ನೋಡಿದ್ದೇ, ಅಭ್ಯಾಸಬಲದಿಂದ, “ಇವನಿಗೆ ಎರಡೂವರೆ ಬೆರಳು ಹಿಡಿಸುತ್ತೆ ಸಾರ್, ಹಿಂದಿನ ದವಡೆ ಹತ್ತಿರ ನೋಡ್ಬೇಕು” ಎಂದುಬಿಟ್ಟೆ. ‘ಕಣ್ಣು ಒಣ’ ಎಂದು ಬರೆದುಕೊಂಡರು.

ಮೂರನೆಯದು, ಮನೆಯಲ್ಲಿ ರೋಗಿ ಇರುವುದು. ನಾನು ಮೇಜು ಗುದ್ದಿ ಹೇಳಿದೆ, “ಇದೇ ಮೇಡಂ! ನಮ್ಮ ಮಾವ!”

“ನಿಮ್ಮ ಮಾವನಿಗೆ ಕ್ಯಾನ್ಸರ್ ಇದೆಯಾ?”

“ಇದೆಯೋ ಇಲ್ವೋ ಅಂತ ದೊಡ್ಡಾಸ್ಪತ್ರೆಯವರು ಹೇಳ್ಬೇಕು.”

“ಹಾಗಾದ್ರೆ ಅವರ ವರದಿ ತನ್ನಿ.”

“ಅವರು ಒಳಗೆ ಬಿಡ್ಬೇಕಾದ್ರೆ ನಿಮ್ಮ ಬೀರುವಿನಲ್ಲಿರೋ ಚೀಟಿ ಬೇಕಲ್ಲ?”

“ಚೀಟಿ ಬೇಕಾದ್ರೆ ಪ್ರೇರಣೆ ಬೇಕಲ್ಲ?” ಮೇಡಂ ಬಹಳ ಸೌಮ್ಯವಾಗಿ ಹೇಳಿದರು. “ಅಲ್ಲದೆ, ಮಾವನ ಬಾಯಿ ನೂರಾ ನಾಲ್ಕನೇದು ಅಂತೀರಿ. ಅದಕ್ಕಿಂತ ಮುಂಚಿನ ನೂರಾ ಮೂರನ್ನ ಯಾಕೆ ನೋಡಿದ್ರಿ? ಕಾರಣ ಮೊದಲು ಬರಬೇಕು, ಕೆಲಸ ಆಮೇಲೆ.”

ನಾಲ್ಕನೆಯದು ‘ಇತರೆ’. ಇತರೆಗೆ ಈ ವರ್ಷದ ಮಿತಿ ಸೊನ್ನೆ.

ನಾನು ಕಚೇರಿಗೆ ಓಡಾಡುತ್ತಿದ್ದ ಆರು ವಾರ ಮಾವ ಅಂಗಡಿಯಲ್ಲಿ ಕೂತೇ ಇದ್ದ. ಹೊಗೆಸೊಪ್ಪು ಬಿಟ್ಟಿದ್ದ. ಬಿಟ್ಟ ಮೇಲೂ ಬಾಯಿ ಮೊದಲಿನಷ್ಟು ತೆರೆಯಲಿಲ್ಲ. ವಾರಕ್ಕೊಮ್ಮೆ ನಾನು ಬೆರಳಿಡಿಸಿ ನೋಡುತ್ತಿದ್ದೆ. ಎರಡಿದ್ದದ್ದು ಒಂದೂವರೆ ಆಯಿತು. ಆಮೇಲೆ ಒಂದು. ಅತ್ತೆ ಸೋಸಿದ ಗಂಜಿಯನ್ನು ಚಮಚದ ತುದಿಯಲ್ಲಿ ಹಲ್ಲಿನ ಸಂದಿಗೆ ಬಿಡುತ್ತಿದ್ದಳು. ಪಂಪಿನ ಸದ್ದು ಮಾತ್ರ ಪೇಟೆಗೆ ಕೇಳುತ್ತಿತ್ತು.

“ಸಿಕ್ತೇನೋ ಅಳಿಯಾ, ನಿನ್ನ ಪ್ರೇರಣೆ?” ಎಂದು ಹಲ್ಲು ಕಚ್ಚಿದಂತೆಯೇ ಕೇಳುತ್ತಿದ್ದ. “ಕೊನೇ ಸಲ ಎಲ್ಲಿ ಇಟ್ಟಿದ್ದೆ ನೆನಪು ಮಾಡ್ಕೋ.”

ಅತ್ತೆ ತಮಾಷೆ ಮಾಡುತ್ತಿರಲಿಲ್ಲ. “ಊರಿಗೆಲ್ಲ ಬಾಯಿ ತೆರೆಸಿ ಮೀಸೆ ತಿರುವಿದೆ. ಇವರ ಬಾಯಿ ಮುಚ್ಚಿಹೋಗ್ತಿದೆ, ಅದನ್ನ ನೋಡು. ನೂರ ತೊಂಬತ್ತೆರಡಕ್ಕೆ ನಿಲ್ಸಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

ಎದ್ದು ಬಂದೆ. ಮಾತಿಗೆ ಮಾತು ಕೊಡದೆ ನಾನು ಎದ್ದು ಬಂದ ದಿನ ಅದೊಂದೇ.

ಮರುದಿನ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಊಟಕ್ಕೆ ಇಳಿದು ಬಂದ ಮೇಡಂ ನನ್ನ ಪಕ್ಕದಲ್ಲಿ ನಿಂತರು. ಆ ಕಡೆ ಈ ಕಡೆ ನೋಡಿದರು.

“ಹದಿನೇಳನೇ ನಿಯಮ ಓದಿದೀರಾ?”

“ಎಷ್ಟಿವೆ ಮೇಡಂ?”

“ಹದಿನಾರು ಅಂತ ಎಲ್ಲಾರೂ ಅನ್ಕೊಂಡಿದಾರೆ. ಹದಿನೇಳನೇದು ಹಾಳೆಯ ಹಿಂದೆ ಇದೆ. ಕಣ್ತಪ್ಪಿನಿಂದ ನಡೆದ ಕೆಲಸಕ್ಕೆ ಪ್ರೇರಣೆ ಬೇಕಿಲ್ಲ. ತಪ್ಪೊಪ್ಪಿಗೆ ಸಾಕು. ಆದ್ರೆ ಅದನ್ನ ತಿಂಗಳ ಸಭೆಯಲ್ಲಿ ಎಲ್ಲಾ ಕಾರ್ಯಕರ್ತರ ಮುಂದೆ ನಿಂತು ಓದಬೇಕು. ನಿಮ್ಮೂರಿನ ಕಟ್ಟೆಯ ಮೇಲೂ ಅಂಟಿಸಬೇಕು. ನೀವು...” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮ ಕೈಲಿ ಆಗುತ್ತಾ ಅಂತ.”

ನಮ್ಮ ವಂಶದಲ್ಲಿ ತಪ್ಪು ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಒಪ್ಪಿಕೊಂಡವರು ಯಾರೂ ಇಲ್ಲ. ತಾತನೂ ಏಣಿಯ ವಿಷಯ ಕೊನೆಯ ಉಸಿರಿನವರೆಗೆ ಒಪ್ಪಲಿಲ್ಲ. ಇನ್ನು ನಾನು ಮಾಡಿದ್ದು ತಪ್ಪೂ ಅಲ್ಲ. ಈ ಕೈಯಿಂದ ಆದ ಕೆಲಸಗಳಲ್ಲೇ ದೊಡ್ಡದು. ಅದನ್ನು ನನ್ನದಲ್ಲ ಎನ್ನಬೇಕು, ಅದೂ ಒಂಬತ್ತು ಬಾಯಿಯ ಅಕ್ಕನ ಎದುರಿಗೆ. ಮೆಟ್ಟಿಲ ಮೇಲೆ ಬಿಸಿಲು ನನ್ನನ್ನು ದಾಟಿ ಹೋಗುವವರೆಗೆ ಕೂತಿದ್ದೆ. ಆಮೇಲೆ ಮೇಡಂ ಹತ್ತಿರ ಹೋಗಿ ಒಂದು ಬಿಳಿ ಹಾಳೆ ಕೇಳಿದೆ.

ತಿಂಗಳ ಸಭೆಗೆ ನಲವತ್ತು ಊರಿನ ಕಾರ್ಯಕರ್ತರು ಬಂದಿದ್ದರು. ಅಕ್ಕ ಮೊದಲ ಸಾಲಿನಲ್ಲಿದ್ದರು. ನಾನು ಎದ್ದು ಓದಿದೆ:

“ಮಾನ್ಯರೇ, ನಾನು ಈ ಕೆಳಗೆ ಸಹಿ ಮಾಡಿರುವವನು, ಯಾವುದೇ ಪ್ರೇರಣೆ, ಉತ್ಸಾಹ ಅಥವಾ ಸದುದ್ದೇಶ ಇಲ್ಲದೆ, ಕೇವಲ ಕಣ್ತಪ್ಪಿನಿಂದ ಆರುನೂರ ಹದಿನಾಲ್ಕು ಜನರ ಬಾಯಿಯನ್ನು ಪರೀಕ್ಷಿಸಿರುತ್ತೇನೆ. ಇದಕ್ಕಾಗಿ ವಿಷಾದಿಸುತ್ತೇನೆ.”

ಹಿಂದಿನ ಬೆಂಚಿನಿಂದ ಯಾರೋ, “ಒಂದು ಬಾಯಿ ಅಂದ್ರೆ ಸರಿ ಕಣಯ್ಯಾ, ಆರುನೂರಾ?” ಎಂದು ಕೂಗಿದರು. ನಲವತ್ತು ಊರು ನಕ್ಕಿತು. ಅಕ್ಕ ನಗಲಿಲ್ಲ; ತಮ್ಮ ಸೆರಗಿನ ಅಂಚನ್ನು ನೋಡುತ್ತಿದ್ದರು. ಸಾಹೇಬರು ಮೇಜು ಕುಟ್ಟಿ ವಿಚಾರಣೆ ಆರಂಭಿಸಿದರು.

“ಮೊದಲನೇ ಬಾಯಿಗೆ ಟಾರ್ಚು ಯಾಕೆ ಬಿಟ್ಟೆ?”

“ಏನೋ ಹುಡುಕ್ತಿದ್ದೆ ಸಾರ್.”

“ಏನು?”

“ಪೆನ್ನಿನ ಕ್ಯಾಪು.”

“ಸಿಕ್ತಾ?”

“ಇಲ್ಲ ಸಾರ್.”

“ಎರಡನೇ ಬಾಯಿ?”

“ಅಲ್ಲಿರಬಹುದೇನೋ ಅಂತ.”

“ಹೀಗೇ ಆರುನೂರ ಹದಿನಾಲ್ಕು ಬಾಯಲ್ಲೂ ಹುಡುಕಿದೆಯಾ?”

“ಎಲ್ಲೂ ಸಿಗಲಿಲ್ಲ ಸಾರ್, ಅದಕ್ಕೆ.”

ಸಾಹೇಬರು “ಸಮಂಜಸವಾಗಿದೆ” ಎಂದು ಬರೆಸಿದರು. ಮೇಡಂ ಬೀರು ತೆರೆದರು. ಚೀಟಿಗಳ ಮೇಲೆಲ್ಲ ಮೊಹರು ಬಿತ್ತು. ಮೊಹರಿನ ಶಾಯಿ ಒಣಗುವ ಮೊದಲೇ ನಾನು ಮಾವನನ್ನು ದೊಡ್ಡಾಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದ್ದೆ. ನನ್ನ ಹಾಗೆ ಸೈಕಲ್ ತುಳಿಯುವವರು ಈ ಸುತ್ತಿನಲ್ಲಿ ಇಲ್ಲ, ಅದನ್ನಾದರೂ ಹೇಳಿಕೊಳ್ಳಲು ಬಿಡಿ.

ಅದು ಕ್ಯಾನ್ಸರೇ ಆಗಿತ್ತು. ಎಡಗೆನ್ನೆಯ ಒಳಭಾಗವನ್ನೂ ಎರಡು ಹಲ್ಲಿನಷ್ಟು ದವಡೆಯನ್ನೂ ತೆಗೆದರು. ಆರು ವಾರ ಮೊದಲೇ ಬಂದಿದ್ದರೆ ದವಡೆ ಉಳಿಯುತ್ತಿತ್ತು ಎಂದರು ಡಾಕ್ಟರು. ಇನ್ನೆರಡು ತಿಂಗಳು ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು ಎಂದು ಅತ್ತೆ ಕೇಳಿದಳು. ಡಾಕ್ಟರು ಗಾಯಕ್ಕೆ ಹಾಕುವ ಔಷಧಿಯ ಹೆಸರು ಹೇಳಿದರು. ಮಾವ ಈಗ ಅಂಗಡಿಗೆ ಬರುತ್ತಾನೆ. “ಮಾತು ಮೊದಲಿನಷ್ಟೇ ಇದೆ, ಅರ್ಥ ಆಗೋದು ಅರ್ಧ. ನನಗೇನೋ ಅದೇ ನೆಮ್ಮದಿ” ಎನ್ನುತ್ತಾಳೆ ಅತ್ತೆ. ಹೇಳುವಾಗ ಕಣ್ಣೊರೆಸಿಕೊಳ್ಳುತ್ತಾಳೆ.

ಆಸ್ಪತ್ರೆಯ ವರದಿಯ ಒಂದು ಪ್ರತಿ ಕಚೇರಿಗೂ ಹೋಯಿತು. ಹತ್ತೇ ದಿನದಲ್ಲಿ ನನಗೆ ಕಾಗದ ಬಂತು. ಮಾವನ ರೋಗ ರುಜುವಾತಾಗಿರುವುದರಿಂದ ‘ಮನೆಯಲ್ಲಿ ರೋಗಿ’ ಎಂಬ ಪ್ರೇರಣೆಗೆ ನಾನು ಈಗ ಅರ್ಹನಂತೆ. ಇಚ್ಛೆಪಟ್ಟರೆ ತಪ್ಪೊಪ್ಪಿಗೆಯನ್ನು ಹಿಂಪಡೆದು ಗೌರವವನ್ನು ಮರಳಿ ಪಡೆಯಬಹುದಂತೆ. ಆದರೆ ಹಾಗೆ ಮಾಡಿದಲ್ಲಿ ಕಣ್ತಪ್ಪು ಸುಳ್ಳಾಗುತ್ತದೆ, ಕಣ್ತಪ್ಪಿನ ಮೇಲೆ ಒತ್ತಿದ ಮೊಹರು ಬಿದ್ದುಹೋಗುತ್ತದೆ, ಮೊಹರಿಲ್ಲದೆ ಮಾಡಿದ ಶಸ್ತ್ರಚಿಕಿತ್ಸೆಯು ನಡೆದಿಲ್ಲವೆಂದು ಭಾವಿಸಬೇಕಾಗುತ್ತದೆ. ತೆಗೆದ ಭಾಗವನ್ನು ಯಾರು ವಾಪಸು ಇಡಬೇಕೆಂಬುದನ್ನು ಕಾಗದದಲ್ಲಿ ಹೇಳಿರಲಿಲ್ಲ. ‘ನನ್ನದು ಕಣ್ತಪ್ಪೇ, ಶಾಶ್ವತವಾಗಿ’ ಎಂದು ಉತ್ತರ ಬರೆದು ಸಹಿ ಹಾಕಿದೆ.

ಈಗ ಎಲ್ಲ ಸರಿಯಾಗಿದೆ. ಪ್ರೇರಣೆಯ ನಮೂನೆ ತುಂಬುವುದು ಕಷ್ಟವೆಂದು ಮೊದಲಿನಿಂದಲೂ ಹೆದರಿ ಮೂವತ್ತೊಂದರ ಕೆಳಗೇ ಇದ್ದ ನಲವತ್ತು ಊರಿನವರೂ ಕಣ್ತಪ್ಪಿನ ದಾರಿ ಹಿಡಿದರು. ಒಂಬತ್ತು ಬಾಯಿಯ ಅಕ್ಕ ಹೊಸ ಊರಿನಲ್ಲಿ ಕಣ್ತಪ್ಪಿನಿಂದ ಮುನ್ನೂರ ಎಂಬತ್ತು ಮಾಡಿದರು; ನನ್ನ ದಾಖಲೆ ಮುರಿಯುವ ಆಸೆ ಇದೆಯೆಂದು ಕೇಳಿದ್ದೇನೆ, ನೋಡೋಣ. ಸಾಹೇಬರು ಎರಡು ದಿನದ ಕಣ್ತಪ್ಪು ತರಬೇತಿ ಏರ್ಪಡಿಸಿ ಪ್ರತಿಯೊಬ್ಬರಿಗೂ ಕ್ಯಾಪಿಲ್ಲದ ಪೆನ್ನು ಹಂಚಿದರು. ಜನಕ್ಕೂ ರೂಢಿಯಾಗಿದೆ. ಕಾರ್ಯಕರ್ತರು ಬಾಗಿಲಿಗೆ ಬಂದರೆ ಯಜಮಾನರು ಹೊರಗೆ ಬಂದು, “ಏನಮ್ಮಾ, ಇನ್ನೂ ಸಿಕ್ಕಿಲ್ವಾ?” ಎಂದು ಕೇಳಿ, ಕೂತು, ಬಾಯಿ ತೆರೆಯುತ್ತಾರೆ. ಕಚೇರಿಯ ನಕ್ಷೆಯನ್ನು ತೆಗೆದು ಇಡೀ ಗೋಡೆಗೆ ಗೆರೆ ಹಾಕಿಸಿದ್ದಾರೆ. ಅದರ ಮೇಲೆ ‘ವಾರ್ಷಿಕ ಕಣ್ತಪ್ಪು’ ಎಂದು ಬರೆದಿದೆ.

ಇಷ್ಟೆಲ್ಲ ಮಾಡಿದವನಿಗೆ ಏನು ಕೊಟ್ಟರು ಎಂದು ಮಾವ ಪಂಪು ಹೊಡೆಯುತ್ತ ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾನೆ. ಇಂಥ ತಪ್ಪು ಮರುಕಳಿಸಕೂಡದೆಂದು ಒಂದು ಎಚ್ಚರಿಕೆ ಪತ್ರ ಕೊಟ್ಟರು. ನೋಡಿಕೊಳ್ಳಲು ಇನ್ನೂ ಮೂರು ಊರು ಕೊಟ್ಟರು.